ನೀರುಗಂಟಿಯ ಪಾಲಿನ ಸುತ್ತು

ಹೆಮ್ಮಿಗೆಯ ನೀರುಗಂಟಿ ಪುಟ್ಟಬಸವಯ್ಯನಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಇದನ್ನು ಅವನು ಮುಚ್ಚಿಟ್ಟವನಲ್ಲ, ಡಂಗೂರ ಹೊಡೆದವನೂ ಅಲ್ಲ. ಕೇಳಿದರೆ ಹೇಳುತ್ತಿದ್ದ. ಊರಿನಲ್ಲಿ ಕೇಳುವವರಿಗೇನು ಬರವೇ, ಹಾಗಾಗಿ ವಾರಕ್ಕೊಮ್ಮೆಯಾದರೂ ಹೇಳಬೇಕಾಗಿ ಬರುತ್ತಿತ್ತು.

ಅವನ ಹೆಂಡತಿ ದೊಡ್ಡಮ್ಮನಿಗೋ ಇಬ್ಬರಿಗಾಗಿ ಮಿಗುವಷ್ಟು ಭಕ್ತಿ. ಕಾರ್ತಿಕದ ಒಂದು ಸೋಮವಾರ ಅವಳು ತಪ್ಪದೆ ನಂಜನಗೂಡಿಗೆ ಹೋಗಿ, ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ನಂಜುಂಡೇಶ್ವರನ ಗುಡಿಯ ಸುತ್ತ ಉರುಳುಸೇವೆ ಮಾಡುವಳು. ಪುಟ್ಟಬಸವಯ್ಯ ಜೊತೆಗೆ ಹೋಗುತ್ತಿದ್ದ, ಒಳಗೆ ಹೋಗುತ್ತಿರಲಿಲ್ಲ. ಗೋಪುರದ ಹೊರಗೆ ನೆರಳು ಹುಡುಕಿ ಕೂತು, ಹೆಂಡತಿಯ ಒಣಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೀಡಿ ಸೇದುತ್ತಾ ಕಾಯುತ್ತಿದ್ದ. ಗಂಡ ದೇವರಿಗೆ ಕೈ ಮುಗಿಯದಿದ್ದರೂ ಸೀರೆಯನ್ನು ಮಾತ್ರ ಬಲು ಭಯಭಕ್ತಿಯಿಂದ ಕಾಯುತ್ತಾನೆ ಎಂದು ದೊಡ್ಡಮ್ಮ ಜೊತೆಯ ಹೆಂಗಸರಿಗೆ ಹೇಳಿ ನಗುತ್ತಿದ್ದಳು.

1994ರಿಂದ ಈ ಸೇವೆಗೆ ಒಂದು ಸುತ್ತು ಹೆಚ್ಚಿಗೆ ಸೇರಿಕೊಂಡಿತು. ಮೊದಲ ಸುತ್ತು ಅವಳದು. ಎರಡನೆಯದು ಗಂಡನ ಪಾಲಿನದು. ಯಾಕೆ ಹೀಗಾಯಿತು ಅನ್ನುವುದಕ್ಕೆ ನೀರಿನ ಕತೆ ಹೇಳಬೇಕು.

ನೀರುಗಂಟಿ ಅಂದರೆ ನಾಲೆಯಿಂದ ಬರುವ ನೀರನ್ನು ಗದ್ದೆಗಳಿಗೆ ಸರದಿ ಪ್ರಕಾರ ಹಂಚುವವನು. ಪುಟ್ಟಬಸವಯ್ಯನ ಅಪ್ಪನೂ ಅದೇ ಕೆಲಸ ಮಾಡಿದವನು, ಅಜ್ಜನೂ ಅದೇ. ಕೇರಿಯ ಕೆಲಸ ಅಂತ ಊರು ಅದನ್ನು ಕೆಳಗಿಟ್ಟಿತ್ತು, ಆದರೆ ಬೆಳೆ ಬಾಡುವ ಹೊತ್ತಿಗೆ ಊರಿನ ದೊಡ್ಡ ದೊಡ್ಡ ರೈತರೆಲ್ಲ ನೀರುಗಂಟಿಯ ಮುಖವನ್ನೇ ನೋಡಬೇಕಾಗಿತ್ತು. ತೂಬಿನಿಂದ ಇಳಿದ ಕಾಲುವೆ ಗದ್ದೆಬಯಲಿನ ನಡುವೆ ಒಂದು ಕಡೆ ಎರಡಾಗಿ ಒಡೆಯುತ್ತದೆ. ಎಡಗಡೆಯ ಬಾಯಿ ರಾಮಯ್ಯನ ಗದ್ದೆಗಳಿಗೆ, ಬಲಗಡೆಯದು ಕಟ್ಟಕಡೆಯಲ್ಲಿರುವ ಸಣ್ಣಯ್ಯನ ಗದ್ದೆಗಳಿಗೆ. ಎಡಬಾಯಿಯ ಕಲ್ಲುಗಳ ಕಚ್ಚಿಗೆ ಹಲಗೆ ಇಳಿಸಿ ಕೆಸರು ಮೆತ್ತಿದರೆ ನೀರೆಲ್ಲ ಸಣ್ಣಯ್ಯನಿಗೆ. ಎತ್ತಿದರೆ ರಾಮಯ್ಯನಿಗೆ, ಯಾಕೆಂದರೆ ಆ ಕಡೆ ತಗ್ಗು. ಇಷ್ಟೇ ಕೆಲಸ, ಆದರೆ ಇಷ್ಟಕ್ಕೇ ತಲೆ ಒಡೆದುಕೊಂಡವರು ಆ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ.

ಪುಟ್ಟಬಸವಯ್ಯನ ನಾಸ್ತಿಕತನ ಹುಟ್ಟಿದ್ದೂ ಈ ಹಲಗೆಯ ಹತ್ತಿರವೇ. ಅವನಿಗೆ ಯಾರೂ ಪುಸ್ತಕ ಓದಿ ಹೇಳಿದ್ದಲ್ಲ, ಮನೆಯಲ್ಲಿ ಎಂಥದೋ ಕೇಡು ನಡೆದು ಮನಸ್ಸು ಮುರಿದದ್ದೂ ಅಲ್ಲ. ನೀರು ತಗ್ಗು ನೋಡಿಕೊಂಡು ಹರಿಯುತ್ತದೆ, ಯಾರ ಹಣೆಯ ಮೇಲೆ ಎಷ್ಟು ವಿಭೂತಿ ಇದೆ ಅಂತ ನೋಡಿಕೊಂಡು ಹರಿಯುವುದಿಲ್ಲ. ಕಟ್ಟಕಡೆಯ ಗದ್ದೆಯವನಿಗೂ ನೀರು ಮುಟ್ಟಬೇಕಾದರೆ ಒಬ್ಬ ಮನುಷ್ಯ ಕಾಲುವೆಗಿಳಿದು ಹಲಗೆ ಹಾಕಬೇಕು. ಇದನ್ನು ದಿನಾ ನೋಡುತ್ತಿದ್ದವನಿಗೆ ಮೇಲೆ ಇನ್ನೊಬ್ಬ ನೀರುಗಂಟಿ ಇದ್ದಾನೆ ಅಂತ ಅನ್ನಿಸಲೇ ಇಲ್ಲ, ಅಷ್ಟೇ. ತಮ್ಮನ ಮಗ ಸಿದ್ಧಾರ್ಥ ಮೈಸೂರಿನಿಂದ ಬುದ್ಧನ ಪಟ ತಂದು ಮನೆಯಲ್ಲಿ ತೂಗುಹಾಕಿದಾಗ ಪುಟ್ಟಬಸವಯ್ಯ ಅದನ್ನು ಬಹಳ ಹೊತ್ತು ನೋಡಿ, ಮುಖ ಚೆನ್ನಾಗಿದೆ ಅಂದ. ದೊಡ್ಡಮ್ಮ ಸಂಜೆಗೆ ಅದಕ್ಕೂ ಒಂದು ದೀಪ ಹಚ್ಚಿದಳು.

"ಆತ ದೀಪ ಕೇಳ್ದೋನಲ್ವಂತೆ ಕಣಮ್ಮಿ" ಅಂದ ಪುಟ್ಟಬಸವಯ್ಯ.

"ಕೇಳ್ದೇ ಇದ್ರೆ ಏನು, ಮನೆಗೆ ಬಂದೋರ್ನ ಕತ್ಲಲ್ಲಿ ಕೂರುಸ್ತಾರಾ?" ಅಂದಳು ದೊಡ್ಡಮ್ಮ.

1994ರ ಬೇಸಿಗೆ ಬೆಳೆಯಲ್ಲಿ ಗಲಾಟೆಯಾಯಿತು. ಅವತ್ತು ಸಣ್ಣಯ್ಯನ ಸರದಿ. ಪುಟ್ಟಬಸವಯ್ಯ ಸಂಜೆಯೇ ಹಲಗೆ ಇಳಿಸಿ, ಕೆಸರು ಮೆತ್ತಿ, ನೀರೊಳಗೆ ಕೈ ಬಿಟ್ಟು ಹಲಗೆ ತಳಕ್ಕೆ ಕೂತಿದೆಯಾ ಅಂತ ಸವರಿ ನೋಡಿ ಮನೆಗೆ ಬಂದಿದ್ದ. ಬೆಳಿಗ್ಗೆ ನೋಡಿದರೆ ಹಲಗೆ ದಡದ ಮೇಲಿತ್ತು, ರಾಮಯ್ಯನ ಗದ್ದೆಗಳಲ್ಲಿ ನೀರು ಬದು ಮುಟ್ಟಿ ನಿಂತಿತ್ತು. ಸಣ್ಣಯ್ಯ ಎದೆ ಎದೆ ಬಡಿದುಕೊಂಡ. ರಾಮಯ್ಯ ಹೊಲಮನೆಯುಳ್ಳ ಗಟ್ಟಿ ಕುಳ, ಊರಿಗೇ ದೊಡ್ಡ ದೈವಭಕ್ತ, ಮಾತಿನಲ್ಲಿ ಒರಟ, ಆದರೆ ಸುಳ್ಳುಗಾರನಲ್ಲ. ತಮ್ಮ ಮನೆಯವರು ಯಾರೂ ಹಲಗೆ ಮುಟ್ಟಿಲ್ಲ, ನೀರುಗಂಟಿಯೇ ಸರದಿ ಮರೆತು ತಪ್ಪು ಬಾಯಿ ಬಿಟ್ಟಿದ್ದಾನೆ ಎಂದು ಅವನು ಕಡ್ಡಿ ಮುರಿದ ಹಾಗೆ ಹೇಳಿದ.

ಊರಿನ ಯಜಮಾನ ಗುರುಮಲ್ಲಪ್ಪ ನೀರುಗಂಟಿ, ರಾಮಯ್ಯ ಇಬ್ಬರನ್ನೂ ಮಾರಿಗುಡಿಯ ಮುಂದೆ ಕರೆಸಿದ. ಇಂಥ ಸಂದರ್ಭಕ್ಕೆ ಊರಲ್ಲಿ ಒಂದು ಪದ್ಧತಿಯಿತ್ತು. ಗುಡಿಯ ಬಾಗಿಲಲ್ಲಿ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. ಆಪಾದನೆ ಹೊತ್ತವನು ನಾನು ಮಾಡಿಲ್ಲ ಅಂತ ಆಣೆಯಿಟ್ಟು ಅಂಗೈಯಿಂದ ಅದನ್ನು ಆರಿಸಬೇಕು. ಸುಳ್ಳು ಹೇಳಿ ಆರಿಸಿದರೆ ಅವನ ಮನೆಯ ದೀಪವೂ ವರ್ಷದೊಳಗೆ ಹಾಗೇ ಆರುತ್ತದೆ ಎಂದು ನಂಬಿಕೆ. ಆರಿಸಿದರೆ ಗೆದ್ದ, ಹಿಂದೆಗೆದರೆ ಸೋತ. ಮೇಲ್ಮನವಿ ಇಲ್ಲ.

ಪುಟ್ಟಬಸವಯ್ಯನೇ ಮೊದಲು ಆರಿಸಬೇಕೆಂದು ಗುರುಮಲ್ಲಪ್ಪ ಹೇಳಿದ. ಪುಟ್ಟಬಸವಯ್ಯ ಆರಿಸುವುದಿಲ್ಲ ಅಂದ. ಸೇರಿದ್ದ ಜನ ಗುಜುಗುಜು ಮಾಡಿದರು. ಹಿಂದೆ ನಿಂತಿದ್ದ ದೊಡ್ಡಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಆರಿಸದಿದ್ದರೆ ಕಳ್ಳ ಅನ್ನಿಸಿಕೊಳ್ಳುತ್ತಾನೆ, ಮೂರು ತಲೆಮಾರಿನ ಹಲಗೆ ಕೈ ತಪ್ಪುತ್ತದೆ.

"ಯಜಮಾನ್ರೆ, ಆರ್ಸಕೆ ನಂಗೆ ಭಯ ಇಲ್ಲ. ಅದೇ ತೊಂದ್ರೆ" ಅಂದ ಪುಟ್ಟಬಸವಯ್ಯ. "ನಂಗೆ ಕರ್ಪೂರ ಅಂದ್ರೆ ಬರೀ ಬೆಂಕಿ. ತಪ್ಪು ಮಾಡಿದ್ರೂ ಆರುಸ್ತೀನಿ, ಮಾಡ್ದಿದ್ರೂ ಆರುಸ್ತೀನಿ. ನನ್ ಕೈಲಿ ಆರ್ಸಿ ನಿಮ್ಗೇನು ಗೊತ್ತಾಯ್ತದೆ? ಅಮ್ಮನಿಗೆ ಎದರೋರ ಕೈಲಿ ಆರ್ಸಿ. ಅವಾಗ ಗೊತ್ತಾಯ್ತದೆ."

ಗುರುಮಲ್ಲಪ್ಪ ಮೀಸೆ ನೀವಿಕೊಂಡ. ಐವತ್ತು ನ್ಯಾಯ ಮಾಡಿದವನಿಗೆ ಇಂಥ ಮಾತು ಎದುರಾಗಿರಲಿಲ್ಲ. ಒಪ್ಪಲು ಮನಸ್ಸಿಲ್ಲ, ತಳ್ಳಿಹಾಕಲು ದಾರಿಯಿಲ್ಲ. ಕೊನೆಗೆ ರಾಮಯ್ಯನ ಕಡೆ ತಿರುಗಿ, ಏನಪ್ಪಾ ಅಂತ ಕೇಳಿದ.

ರಾಮಯ್ಯ ಹೆದರಲಿಲ್ಲ. ಅವನ ಮನಸ್ಸಿನಲ್ಲಿ ಕಳ್ಳತನವಿರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು, "ನಮ್ಮನೇರು ಯಾರೂ ಅಲಗೆ ಮುಟ್ಟಿಲ್ಲ, ಅಮ್ಮನ ಆಣೆ" ಎಂದು ಕೈ ಮುಂದೆ ಚಾಚಿದ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಅವನ ತಾಯಿ ವಿಶಾಲಮ್ಮ ನುಗ್ಗಿ ಬಂದು ಮಗನ ಮಣಿಕಟ್ಟು ಹಿಡಿದುಕೊಂಡಳು. ಎಂಬತ್ತರ ಮುದುಕಿ, ಆದರೆ ಹಿಡಿತ ಬಿಡಿಸಿಕೊಳ್ಳಲು ರಾಮಯ್ಯನಿಂದ ಆಗಲಿಲ್ಲ.

"ಬುಡು ರಾಮ, ಆರುಸ್ಬ್ಯಾಡ."

"ಯಾಕವ್ವ? ನಾನು ಮುಟ್ಟಿಲ್ಲ."

"ನೀನು ಮುಟ್ಟಿಲ್ಲ ಕಣಪ್ಪ. ಮನೇರೆಲ್ಲಾರ ಮೇಲೂ ಆಣೆ ಆಕ್ತಿದ್ದೀಯಲ್ಲ. ನಿನ್ ಮಗ ರವಿ ಎತ್ತವ್ನೆ. ಕೋಳಿ ಕೂಗೋ ಒತ್ಗೆ ಕಾಲೆಲ್ಲ ಕೆಸ್ರು ಮಾಡ್ಕೊಂಡು ಬಂದ. ನಾನೇ ನೀರು ಉಯ್ದೆ."

ಮಗ ರವಿಚಂದ್ರ ನೆಲ ನೋಡುತ್ತಾ ನಿಂತ. ತಟ್ಟೆಯಲ್ಲಿದ್ದ ಕರ್ಪೂರ ಯಾರ ಕೈಯೂ ತಾಗದೆ ತಾನಾಗಿ ಉರಿದು ಮುಗಿಯಿತು. ರಾಮಯ್ಯ ತನ್ನ ಮುಂದಿನ ಎರಡು ಸರದಿಯ ನೀರನ್ನು ಸಣ್ಣಯ್ಯನಿಗೆ ಬಿಡುತ್ತೇನೆಂದು ಹೇಳಿ, ಯಾರ ಮುಖವನ್ನೂ ನೋಡದೆ ಮನೆಗೆ ಹೋದ.

ಊರಿಗೆ ಊರೇ ಮಾರಮ್ಮನ ಮಹಿಮೆ ಅಂತ ಕೊಂಡಾಡಿತು. ಪುಟ್ಟಬಸವಯ್ಯನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ರಾತ್ರಿ ಮುದ್ದೆ ಬಡಿಸುತ್ತಾ ದೊಡ್ಡಮ್ಮ ಕೆಣಕಿದಳು.

"ಇವತ್ತು ನಿನ್ನ ಕಾಪಾಡಿದ್ದು ಯಾರು, ಏಳು ನೋಡಾನ."

"ಆ ಮುದುಕಿ."

"ಮುದುಕಿ ಎದ್ರಿದ್ದು ಯಾರಿಗೆ?"

ಪುಟ್ಟಬಸವಯ್ಯ ಸೊಪ್ಪಿನ ಸಾರು ಇನ್ನೊಂದಿಷ್ಟು ಕೇಳಿದ.

ಆದರೆ ರಾಮಯ್ಯ ಸುಮ್ಮನಿರಲಿಲ್ಲ. ಕೆಲವು ದಿನ ಬಿಟ್ಟು ಸೊಸೈಟಿಯ ಜಗಲಿಯಲ್ಲಿ ಹತ್ತು ಜನರ ಮುಂದೆ ಒಂದು ಮಾತು ಹೇಳಿದ. ದ್ವೇಷದ ಮಾತಲ್ಲ, ಅದಕ್ಕೇ ಅದು ಉಳಿದುಕೊಂಡಿತು. "ನನ್ ಮಗ ತಪ್ಪು ಮಾಡ್ದ, ನಮ್ಮವ್ವನ್ ಭಕ್ತಿ ಅವನ ಇಡ್ಕೊಡ್ತು. ಪುಟ್ಬಸ್ವಯ್ಯ ಈ ಸಲ ನಿಜ ಏಳ್ದ, ಒಪ್ಕೊಂಡೆ. ನಾಳೆ ಅವನೇ ತಪ್ಪು ಮಾಡಿದ್ರೆ ಅವನ ಕೈ ಇಡ್ಕೊಳೋರು ಯಾರು?"

ಈ ಪ್ರಶ್ನೆ ಊರೆಲ್ಲ ಸುತ್ತಿ ದೊಡ್ಡಮ್ಮನ ಕಿವಿಗೂ ಬಿತ್ತು. ತಗಡೂರಿನ ಅವಳ ಅಜ್ಜಿ ಚಿಕ್ಕಂದಿನಲ್ಲಿ ಹೇಳಿದ್ದು ನೆನಪಾಯಿತು. ದೇವರನ್ನು ನಂಬದವರ ಜೀವಕ್ಕೆ ಸತ್ತ ಮೇಲೆ ಆಚೆ ದಡವಿಲ್ಲ, ಈಚೆ ದಡವಿಲ್ಲ. ಹೊಳೆಯ ನಡುವೆ ನಿಂತು ನೀರಿಲ್ಲದೆ ಬಾಯಾರುತ್ತದಂತೆ. ಬದುಕಿಡೀ ಊರಿಗೆ ನೀರು ಹಂಚಿದವನು ಹಾಗೆ ಬಾಯಾರಿ ನಿಲ್ಲುವುದನ್ನು ಯೋಚಿಸಿ ಅವಳಿಗೆ ಸಂಕಟವಾಯಿತು. ಗಂಡನಿಗೆ ಹೇಳಿಕೊಂಡಳು.

"ಅಲ್ಲೂ ಅಷ್ಟು ಜನ ಬಾಯಾರ್ಕೊಂಡು ನಿಂತಿದ್ರೆ ಒಬ್ಬ ನೀರುಗಂಟಿ ಬೇಕೇ ಬೇಕು. ನನ್ನೇ ಕರೀತಾರೆ ಬುಡು" ಅಂದ ಅವನು.

ಅವಳು ನಗಲಿಲ್ಲ. ಆ ಕಾರ್ತಿಕದಲ್ಲಿ ನಂಜನಗೂಡಿನಿಂದ ಬರುವಾಗ ಅವಳ ಮೊಣಕೈ ಎರಡೂ ತರಚಿಹೋಗಿದ್ದವು. ಯಾಕೆ ಅಂತ ಕೇಳಿದಾಗ ಎರಡು ಸುತ್ತು ಮಾಡಿದೆ, ಒಂದು ನಿನ್ನ ಪಾಲಿಂದು ಅಂದಳು. ಪುಟ್ಟಬಸವಯ್ಯ ಬಯ್ದ. ಮರುವರ್ಷವೂ ಮಾಡಿದಳು, ಮರುವರ್ಷವೂ ಬಯ್ದ. ಆಮೇಲೆ ಬಯ್ಯುವುದು ಬಿಟ್ಟು ಕೊಬ್ಬರಿ ಎಣ್ಣೆಯ ಬಾಟಲಿ ಜೇಬಿನಲ್ಲಿಟ್ಟುಕೊಂಡು ಹೋಗತೊಡಗಿದ.

ಹೀಗೆ ಒಂಬತ್ತು ಕಾರ್ತಿಕ ಕಳೆದವು. ಪುಟ್ಟಬಸವಯ್ಯನಿಗೆ ಅರವತ್ತು ದಾಟಿತು, ಬಲಗಣ್ಣಿಗೆ ಪೊರೆ ಬಂತು. ನಂಬದವನ ಕಣ್ಣು ದೇವರೇ ತೆಗೆದುಕೊಂಡ ಅಂತ ಯಾರೋ ಅಂದರು. ರಾಮಯ್ಯನ ಎರಡು ಕಣ್ಣಿಗೂ ಪೊರೆ ಬಂದಿದೆಯಲ್ಲ, ಅವರು ನನಗಿಂತ ಡಬ್ಬಲ್ ನಾಸ್ತಿಕರಿರಬೇಕು ಅಂದ ಪುಟ್ಟಬಸವಯ್ಯ. ಅಲ್ಲಿಗೆ ಆ ಮಾತು ನಿಂತಿತು.

2003ರಲ್ಲಿ ಮಳೆ ಕೈಕೊಟ್ಟು ನಾಲೆಗೆ ಕೆಲವು ದಿನ ನೀರು, ಕೆಲವು ದಿನ ಬಂದ್ ಅಂತಾಯಿತು. ಭತ್ತ ಹೊಡೆಗೆ ಬಂದಿತ್ತು, ತೆನೆ ಹೊರಬೀಳುವ ಮುಂಚಿನ ಆ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳೇ. ನಾಲೆ ಬಂದ್ ಆಗುವ ಹಿಂದಿನ ದಿನ ಸಂಜೆ ಸಣ್ಣಯ್ಯನ ಸರದಿ. ಪುಟ್ಟಬಸವಯ್ಯ ಎಂದಿನಂತೆ ಎಡಬಾಯಿಗೆ ಹಲಗೆ ಇಳಿಸಿದ, ಕೆಸರು ಮೆತ್ತಿದ. ಮುಂಗೈ ತನಕ ನೀರಿಗೆ ಬಿಟ್ಟು ತಳ ಸವರುವುದೊಂದು ಬಾಕಿ. ನೀರು ತಣ್ಣಗಿತ್ತು, ಬೆಳಕು ಇಳಿಯುತ್ತಿತ್ತು. ಮೂವತ್ತು ವರ್ಷದಿಂದ ಹಾಕುತ್ತಿರುವ ಹಲಗೆ, ಇನ್ನೇನು ಸವರುವುದು ಅನ್ನಿಸಿತು. ಕಣ್ಣಲ್ಲೇ ನೋಡಿ ಎದ್ದು ಬಂದ.

ಬೆಳಿಗ್ಗೆ ಬಯಲಿಗೆ ಮೊದಲು ಹೋದವನು ಅವನೇ. ಸಣ್ಣಯ್ಯನ ಗದ್ದೆ ಒಣಗಿತ್ತು. ರಾಮಯ್ಯನ ಗದ್ದೆ ತುಂಬಿತ್ತು. ಪುಟ್ಟಬಸವಯ್ಯ ಓಡಿಹೋಗಿ ಕಾಲುವೆಗಿಳಿದು ಹಲಗೆಯ ಅಡಿಗೆ ಕೈ ಹಾಕಿದ. ಅರ್ಧ ಹೋಳಾದ ಒಂದು ತೆಂಗಿನ ಚಿಪ್ಪು ಕಚ್ಚಿನ ತಳದಲ್ಲಿ ಸಿಕ್ಕಿಕೊಂಡಿತ್ತು. ಹಲಗೆ ಅದರ ಮೇಲೆ ಕೂತು, ಅಡಿಯಲ್ಲಿ ನಾಲ್ಕು ಬೆರಳು ಸಂದು ಬಿಟ್ಟು, ನೀರೆಲ್ಲ ತಗ್ಗಿನ ಕಡೆ ಹೋಗಿತ್ತು. ಚಿಪ್ಪು ಕಿತ್ತು ಹಲಗೆ ಸರಿಯಾಗಿ ಕೂರಿಸಿದ. ಮಧ್ಯಾಹ್ನಕ್ಕೆ ನಾಲೆಯೇ ಬಂದ್ ಆಯಿತು. ಚಿಪ್ಪನ್ನು ಎಸೆಯಲು ಕೈ ಎತ್ತಿದವನು ಯಾಕೋ ಎಸೆಯಲಿಲ್ಲ, ಟವೆಲಿನಲ್ಲಿ ಕಟ್ಟಿಕೊಂಡು ಬಂದು ಸೂರಿನ ಸಂದಿಯಲ್ಲಿಟ್ಟ. ಹೆಂಡತಿಗೂ ಹೇಳಲಿಲ್ಲ.

ಊರಿಗೆ ಅನುಮಾನವೇ ಇರಲಿಲ್ಲ. ಒಂದು ಸಲ ಎತ್ತಿದ ಕೈ, ಇನ್ನೊಂದು ಸಲ ಎತ್ತಿರುತ್ತದೆ. ರವಿಚಂದ್ರ ಈಗ ಇಬ್ಬರು ಮಕ್ಕಳ ತಂದೆ, ತಾನು ಬಯಲ ಕಡೆ ಹೋಗೇ ಇಲ್ಲ ಅಂದ. ಯಾರೂ ನಂಬಲಿಲ್ಲ, ಸ್ವಂತ ಅಪ್ಪನೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ವಿಶಾಲಮ್ಮ ತೀರಿಹೋಗಿ ಐದು ವರ್ಷವಾಗಿತ್ತು, ಸಾಕ್ಷಿ ಹೇಳುವವರಿಲ್ಲ. ನಾಲ್ಕನೇ ದಿನ ಮಾರಿಗುಡಿಯ ಮುಂದೆ ಸೇರುವುದೆಂದು ಗುರುಮಲ್ಲಪ್ಪ ಹೇಳಿಕಳಿಸಿದ.

ಆ ಮೂರು ದಿನ ಪುಟ್ಟಬಸವಯ್ಯ ಸರಿಯಾಗಿ ಉಣ್ಣಲಿಲ್ಲ. ಲೆಕ್ಕ ಬಹಳ ಸುಲಭವಾಗಿತ್ತು. ಹೇಳಿದರೆ ಹಲಗೆ ಹೋಗುತ್ತದೆ, ಒಂಬತ್ತು ವರ್ಷದ ಹಿಂದೆ ಎಲ್ಲರ ಮುಂದೆ ಎದೆಯುಬ್ಬಿಸಿ ನಿಂತವನ ಮಾನ ಹೋಗುತ್ತದೆ, ದೇವರೇ ಕಣ್ಣು ಕಟ್ಟಿದ ಅಂತ ಊರು ಕುಣಿಯುತ್ತದೆ. ಹೇಳದಿದ್ದರೆ ಏನೂ ಆಗುವುದಿಲ್ಲ. ರವಿ ಕರ್ಪೂರ ಆರಿಸುತ್ತಾನೆ, ನಿಜವನ್ನೇ ಹೇಳಿ ಆರಿಸುವುದರಿಂದ ಅವನಿಗೂ ಭಯವಿಲ್ಲ. ಕೆಳಗೆ ನೋಡಿದವರಿಲ್ಲ, ಮೇಲೆ ನೋಡುವವನಂತೂ ಇಲ್ಲವೇ ಇಲ್ಲ. ಅವನ ಕೈ ಹಿಡಿದುಕೊಳ್ಳುವವರು ಯಾರು ಅಂತ ರಾಮಯ್ಯ ಕೇಳಿದ್ದು ಈಗ ಪುಟ್ಟಬಸವಯ್ಯನಿಗೆ ಸರಿಯಾಗಿ ಅರ್ಥವಾಯಿತು. ಅರ್ಥವಾಗಿ ಸಿಟ್ಟೂ ಬಂತು.

ನಾಲ್ಕನೇ ದಿನ ಗುಡಿಯ ಮುಂದೆ ರವಿಚಂದ್ರ ಟವೆಲ್ ಸುತ್ತಿಕೊಂಡು ನಿಂತ. ಮುಖ ಬಿಳಿಚಿಕೊಂಡಿತ್ತು. ನಿಜ ಹೇಳುವವನನ್ನು ಇಡೀ ಊರು ಕಳ್ಳನನ್ನು ನೋಡುವಂತೆ ನೋಡುತ್ತಿತ್ತು, ಆ ಜಾಗದಲ್ಲಿ ನಿಂತರೆ ಹೇಗಿರುತ್ತದೆ ಅಂತ ಪುಟ್ಟಬಸವಯ್ಯನಿಗಿಂತ ಚೆನ್ನಾಗಿ ಬಲ್ಲವರು ಯಾರು. ಗುರುಮಲ್ಲಪ್ಪ ಬೆಂಕಿಕಡ್ಡಿ ಗೀರಿದ.

"ಅಚ್ಬ್ಯಾಡಿ ಯಜಮಾನ್ರೆ" ಅಂದ ಪುಟ್ಟಬಸವಯ್ಯ.

ಮುಂದೆ ಬಂದು, ಟವೆಲಿನ ಗಂಟು ಬಿಚ್ಚಿ, ಚಿಪ್ಪನ್ನು ಕರ್ಪೂರದ ತಟ್ಟೆಯ ಪಕ್ಕದಲ್ಲಿಟ್ಟ. "ಇದು ಅಲಗೆ ಅಡೀಲಿತ್ತು. ಕೈ ಬುಟ್ಟು ನೋಡ್ಬೇಕಾಗಿತ್ತು, ನಾನು ನೋಡ್ನಿಲ್ಲ. ರವಿ ಮುಟ್ಟಿಲ್ಲ. ಸಣ್ಣಯ್ಯನ ಬೆಳೆ ಕೆಡ್ಸಿದ್ದು ನಾನು. ಈ ಸುಗ್ಗೀಲಿ ನಂಗೆ ಊರು ಕೊಡೋ ಭತ್ತ ಅಷ್ಟೂ ಅವನಿಗೆ ಆಕ್ಬುಡಿ. ಅಲಗೆ ನಾಳೆ ತಂದು ಒಪ್ಪುಸ್ತೀನಿ."

ಬೆಂಕಿಕಡ್ಡಿ ಗುರುಮಲ್ಲಪ್ಪನ ಬೆರಳು ಸುಟ್ಟಿತು. ರಾಮಯ್ಯ ಎದ್ದು ನಿಂತು, ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ಪುಟ್ಟಬಸವಯ್ಯನ ಹತ್ತಿರಕ್ಕೆ ಬಂದ.

"ಯಾರೂ ನೋಡಿರ್ನಿಲ್ಲ ಅಲ್ವಾ?"

"ಇಲ್ಲ."

"ನೀನು ಯಾವ್ ದೇವ್ರಿಗೂ ಎದರೋನಲ್ಲ."

"ಅಲ್ಲ."

"ಮತ್ಯಾಕೋ ಏಳ್ದೆ?"

"ಊರಿಂದ ತೂಬಿಗೆ ಓಗ್ಬೇಕಾದ್ರೆ ಸಣ್ಣಯ್ಯನ ಗದ್ದೆ ಬದಿನ ಮೇಲೇ ಓಗ್ಬೇಕು ರಾಮಯ್ನೋರೆ. ದಿನಾ ಎರಡು ಸಲ" ಅಂದ ಪುಟ್ಟಬಸವಯ್ಯ.

ರಾಮಯ್ಯ ಗುರುಮಲ್ಲಪ್ಪನ ಕಡೆ ತಿರುಗಿ, ಹಲಗೆ ಬೇರೆಯವರಿಗೆ ಕೊಡುವುದು ಬೇಡ, ನರಸೀಪುರದಲ್ಲಿ ಕಣ್ಣಿನ ಶಿಬಿರ ಇದೆಯಂತೆ, ನಾನೂ ಹೋಗಬೇಕು, ಇವನನ್ನೂ ಕರೆದುಕೊಂಡು ಹೋಗುತ್ತೇನೆ ಅಂದ. ಸಣ್ಣಯ್ಯ ತಲೆಯಾಡಿಸಿದ. ಕರ್ಪೂರವನ್ನು ಮತ್ತೆ ಪೊಟ್ಟಣಕ್ಕೆ ಹಾಕಿದರು. ಊರಿನ ದೊಡ್ಡ ಆಸ್ತಿಕನೂ ಊರಿನ ಒಬ್ಬನೇ ನಾಸ್ತಿಕನೂ ಒಂದೇ ದಿನ ಅಕ್ಕಪಕ್ಕದ ಮಂಚದಲ್ಲಿ ಮಲಗಿ ಪೊರೆ ತೆಗೆಸಿಕೊಂಡು, ಒಂದೇ ಥರದ ಕಪ್ಪು ಕನ್ನಡಕ ಹಾಕಿಕೊಂಡು ಬಂದರು.

ದೊಡ್ಡಮ್ಮ ಈ ವಿಷಯವಾಗಿ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಕೆಣಕಲೂ ಇಲ್ಲ, ಹೊಗಳಲೂ ಇಲ್ಲ. ಕಾರ್ತಿಕ ಬಂತು. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಇಬ್ಬರೂ ನಂಜನಗೂಡಿಗೆ ಹೋದರು. ಕಪ್ಪು ಕನ್ನಡಕದ ಪುಟ್ಟಬಸವಯ್ಯ ಎಂದಿನ ಜಾಗದಲ್ಲಿ ಕೂತು, ಒಣಸೀರೆ ತೊಡೆಯ ಮೇಲಿಟ್ಟುಕೊಂಡು, ಎಣ್ಣೆಯ ಬಾಟಲಿ ಜೇಬಲ್ಲಿದೆಯಾ ಅಂತ ಮುಟ್ಟಿ ನೋಡಿಕೊಂಡು, ಬೀಡಿ ಹಚ್ಚಿದ.

ಎರಡನೇ ಬೀಡಿ ಮುಗಿಯುವ ಮುಂಚೆಯೇ ದೊಡ್ಡಮ್ಮ ಎದುರಿಗೆ ನಿಂತಿದ್ದಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪುಟ್ಟಬಸವಯ್ಯನಿಗೆ ಗಾಬರಿಯಾಯಿತು.

"ಯಾಕಮ್ಮಿ ಇಷ್ಟ್ ಬೇಗ ಬಂದೆ? ಸುಸ್ತಾಯ್ತಾ?"

"ಒಂದೇ ಸುತ್ತು ಮಾಡ್ದೆ."

"ನನ್ ಪಾಲಿಂದು?"

ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ದೊಡ್ಡಮ್ಮ ಕೂದಲು ಹಿಂಡಿಕೊಳ್ಳುತ್ತಾ ಅವನ ಮುಖ ನೋಡಿದಳು.

"ಅದ್ನ ನೀನೇ ಮಾಡ್ಬುಟ್ಯಲ್ಲ, ಮಾರಿಗುಡಿ ಮುಂದೆ. ಇನ್ಮೇಲೆ ಅವನದ್ದು ನಾನು ಮಾಡಕಿಲ್ಲ ಅಂತ ಸ್ವಾಮಿಗೆ ಏಳ್ಬುಟ್ಟು ಬಂದೆ. ಸೀರೆ ಕೊಡು, ಚಳಿ ಆಯ್ತದೆ."

ಪುಟ್ಟಬಸವಯ್ಯ ಸೀರೆ ಕೊಡಲು ಎದ್ದ. ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು.